ಟೇಬಲ್ ಮೇಡಂ, ಇವತ್ತು ಎಷ್ಟು ರನ್?

ನಾನು ಮಾಡುವ ಕೆಲಸ ಏನೆಂದು ಯಾರಿಗಾದರೂ ವಿವರಿಸಲು ಹೊರಟ ದಿನ ಏನಾದರೊಂದು ಎಡವಟ್ಟಾಗುತ್ತದೆ. ವಿವರಿಸದೆ ಸುಮ್ಮನಿದ್ದ ದಿನ ಅದಕ್ಕಿಂತ ದೊಡ್ಡ ಎಡವಟ್ಟಾಗುತ್ತದೆ.

ನಮ್ಮದು ಘಣಸೋಲಿ ಹತ್ತಿರದ ಒಂದು ಪುಟ್ಟ ಕಂಪನಿ. ಕಬ್ಬಿಣದ ಸರಳುಗಳ ಕಟ್ಟಿನ ಫೋಟೊ ತೋರಿಸಿದರೆ ಅದರಲ್ಲಿ ಎಷ್ಟು ಸರಳಿದೆ ಎಂದು ಕಂಪ್ಯೂಟರ್ ತಾನೇ ಎಣಿಸಿ ಹೇಳಬೇಕು, ಅದನ್ನು ಕಲಿಸುವುದು ನಮ್ಮ ಕಸುಬು. ಮಗುವಿಗೆ ಮಗ್ಗಿ ಕಲಿಸಿದ ಹಾಗೆ, ಒಂದೇ ಸಲಕ್ಕೆ ಬರುವುದಿಲ್ಲ. ಮತ್ತೆ ಮತ್ತೆ, ಪ್ರತಿ ಸಲವೂ ಸ್ವಲ್ಪ ಬೇರೆ ಥರ ಹೇಳಿಕೊಡಬೇಕು. ಅಂಥ ಒಂದೊಂದು ಪ್ರಯತ್ನಕ್ಕೂ ನಾವು 'ರನ್' ಎನ್ನುತ್ತೇವೆ. ಯಾವ ರನ್ ಯಾರು ಮಾಡಿದರು, ಎಷ್ಟು ಹೊತ್ತು ಹಿಡಿಯಿತು, ಎಷ್ಟು ತಪ್ಪಿತು, ಎಲ್ಲ ಒಂದು ಕಡೆ ತನ್ನಷ್ಟಕ್ಕೆ ದಾಖಲಾಗುತ್ತಾ ರಾಶಿ ಬೀಳುತ್ತದೆ. ಆ ರಾಶಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರಶ್ನೆ ಹಾಕಿ, ಬೇಕಾದ್ದನ್ನಷ್ಟೇ ಹೆಕ್ಕಿ, ಓದಲು ಬರುವಂಥ ಟೇಬಲ್ ಮಾಡಿಕೊಡುವವಳು ನಾನು. ಆಫೀಸಿನಲ್ಲಿ ನನ್ನ ಹೆಸರು ಟೇಬಲ್ ಮೇಡಂ. ಇದನ್ನು ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದೆ. ಅವರು, "ಅಷ್ಟು ಓದಿ ಫರ್ನಿಚರ್ ಅಂಗಡಿಗೆ ಸೇರಿದೆಯಾ?" ಎಂದರು.

ಇವತ್ತ ಎಷ್ಟ ರನ್?

ನನ್ನ ಮಾವ ಧಾರವಾಡದವರು. ಬ್ಯಾಂಕಿನಿಂದ ನಿವೃತ್ತರಾಗಿ ಡೊಂಬಿವಲಿಯಲ್ಲಿ ನಮ್ಮ ಜೊತೆಗಿದ್ದಾರೆ. ಅತ್ತೆ ತೀರಿಕೊಂಡ ಮೇಲೆ ಅವರ ಮಾತು ತೀರಾ ಕಡಿಮೆಯಾಗಿತ್ತು. ಊಟಕ್ಕೆ ಕರೆದರೆ ಬರುವರು, ಟೀವಿ ಹಾಕಿದರೆ ನೋಡುವರು, ಅಷ್ಟೇ.

ಒಂದು ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಫೋನಿನಲ್ಲಿ, "ಇವತ್ತು ಇಪ್ಪತ್ತು ರನ್ ಆಯ್ತು, ಮೂರು ಫೇಲ್" ಎನ್ನುತ್ತಿದ್ದೆ. ಮಾವ ಪೇಪರ್ ಕೆಳಗಿಳಿಸಿ ನನ್ನನ್ನೇ ನೋಡಿದರು. ಮರುದಿನ ನಾನು ಬರುತ್ತಿದ್ದಂತೆ ಅವರೇ ಕೇಳಿದರು: "ಏನವಾ, ಇವತ್ತ ಎಷ್ಟ ರನ್ ಆದೂ?"

"ಇಪ್ಪತ್ತೈದು ಆಯ್ತು ಮಾವ."

"ಔಟ್?"

"ನಾಲ್ಕು ಹೋಯ್ತು."

"ಹ್ಯಾಂಗ ಹೋದೂ?"

"ಮೆಮೊರಿ ಸಾಲಲಿಲ್ಲ."

ಮಾವ ತಲೆಯಾಡಿಸಿದರು. "ನೆನಪ ಕೈಕೊಟ್ರ ಎಂಥಾ ಆಟಗಾರಗೂ ಕಷ್ಟನ ಬಿಡು."

ಅವರು ಅಷ್ಟುದ್ದ ಮಾತಾಡಿ ತಿಂಗಳುಗಳಾಗಿದ್ದವು. ಅದು ಕ್ರಿಕೆಟ್ ಅಲ್ಲ ಎಂದು ತಿದ್ದುವ ಮನಸ್ಸು ನನಗೆ ಬರಲಿಲ್ಲ. ದಿನಾ ಸಂಜೆ ಅವರು ಕೇಳುವುದು, ನಾನು ಪಕ್ಕದಲ್ಲಿ ಕೂತು ಹೇಳುವುದು, ಹೀಗೇ ನಡೆಯಿತು. ಯಾವುದಾದರೂ ರನ್ ಇನ್ನೂ ಓಡುತ್ತಿದ್ದರೆ "ನಾಟ್ ಔಟ್" ಎಂದು ಅವರೇ ತೀರ್ಪು ಕೊಡುತ್ತಿದ್ದರು.

ಸುದ್ದಿ ನಮ್ಮ ಹೌಸಿಂಗ್ ಸೊಸೈಟಿಗೆಲ್ಲ ಹಬ್ಬಿತು. ಒಂದು ಶನಿವಾರ ಸೊಸೈಟಿಯ ಸೆಕ್ರೆಟರಿ ಮನೆಗೆ ಬಂದು, ಮರಾಠಿಯವರು ಅತ್ತಿಗೆಯನ್ನು ಕರೆಯುವ ಹಾಗೆ, "ವಹಿನಿ, ನೀವು ಕ್ರಿಕೆಟ್ಟಿನ ಲೆಕ್ಕ ನೋಡುತ್ತೀರಂತೆ. ನಾಳೆ ನಮ್ಮ ಮ್ಯಾಚಿಗೆ ಸ್ಕೋರರ್ ಬೇಕು" ಎಂದರು. ಮಾವ ಸೋಫಾದಲ್ಲಿ ನೆಟ್ಟಗೆ ಕೂತಿದ್ದರು. ಆ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ.

ಭಾನುವಾರ ಪಾರ್ಕಿಂಗ್ ಜಾಗದ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಮೊದಲ ಚೆಂಡಿಗೇ ಸೆಕ್ರೆಟರಿಯ ಸ್ಟಂಪ್ ಹಾರಿತು. ಆಫೀಸಿನ ಅಭ್ಯಾಸ, ನಾನು ತಲೆ ಎತ್ತದೆ, "ಫೇಲ್ ಆಯ್ತು, ಮತ್ತೊಮ್ಮೆ ಶುರು ಮಾಡಿ" ಅಂದುಬಿಟ್ಟೆ. ಸೆಕ್ರೆಟರಿ ಹೊರಟವರು ತಿರುಗಿ ಬಂದು ಬ್ಯಾಟ್ ಹಿಡಿದು ನಿಂತರು. ಸ್ಕೋರರ್ ಹೇಳಿದ ಮೇಲೆ ಮುಗಿಯಿತು ಎಂದು ಅವರ ವಾದ. ನಮ್ಮ ವಿರುದ್ಧ ಆಡಿದ ಎದುರಿನ ಕಟ್ಟಡದವರು ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಆ ಸಂಜೆ ನನಗೆ ತಡೆಯಲಾಗಲಿಲ್ಲ. "ಮಾವ, ಒಂದು ಮಾತು ಹೇಳಬೇಕು. ನನ್ನ ಕೆಲಸ ಕ್ರಿಕೆಟ್ಟಿಂದಲ್ಲ" ಎಂದೆ.

"ಗೊತ್ತೈತವಾ," ಎಂದರು ಮಾವ. "ನಮ್ಮ ಬ್ರ್ಯಾಂಚಿಗೆ ಕಂಪ್ಯೂಟರ್ ಬಂದಾಗ ಎಲ್ಲಾರಕಿಂತ ಮೊದಲ ಕಲ್ತಾಂವ ನಾನ. ರನ್ ಅಂದ್ರೇನು ಅನ್ನೂದು ನನಗ ತಿಳಿಯಾಂಗಿಲ್ಲೇನು?"

"ಮತ್ತೆ ದಿನಾ ಹಾಗೆ ಯಾಕೆ ಕೇಳ್ತಿದ್ರಿ?"

"ಆಫೀಸ ಹ್ಯಾಂಗಿತ್ತು ಅಂತ ಕೇಳಿದ್ರ, ಚೆನ್ನಾಗಿತ್ತು ಅಂದು ಸೀದಾ ಒಳಗ ಹೋಗಿಬಿಡ್ತಿದ್ದಿ. ರನ್ ಎಷ್ಟ ಅಂತ ಕೇಳಿದ್ರ ಕುಂತು ಮಾತಾಡ್ತಿ."

ಅವರು ಪೇಪರ್ ಮಡಚಿ ಪಕ್ಕಕ್ಕಿಟ್ಟರು. "ಅದಿರ್ಲಿ. ಆ ಸೆಕ್ರೆಟರಿ ಔಟ್ ಹೌದೋ ಅಲ್ಲೋ, ಅದನ್ನಷ್ಟ ಖರೇ ಹೇಳು."

ಎಲ್ಲ ಟೇಬಲಿಗೂ ನಾನ್

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು ಕರಾವಳಿ ಮೂಲದವನು, ಹುಟ್ಟಿದ್ದು ಬೆಳೆದದ್ದು ಠಾಣೆಯಲ್ಲಿ. ಅವನ ಅಪ್ಪ ಉಡುಪಿ ಕಡೆಯವರು, ಠಾಣೆ ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟಿದ್ದಾರೆ. ಮಗ ಗಲ್ಲಾದಲ್ಲಿ ಕೂರಲಿ ಎಂಬುದು ಅವರ ಆಸೆಯಾಗಿತ್ತು. ಮಗ ಕಂಪ್ಯೂಟರ್ ಓದಿದ. ಆಮೇಲೆ ಅಪ್ಪ ಮಗ ಆ ವಿಷಯವನ್ನೇ ಎತ್ತದೆ ಬದುಕುತ್ತಿದ್ದರು.

ಒಂದು ರಜೆಯ ದಿನ ಆಫೀಸಿನಲ್ಲಿ ಕರೆಂಟಿರಲಿಲ್ಲ. ತುರ್ತು ಕೆಲಸ, ಹಾಗಾಗಿ ನಾವಿಬ್ಬರೂ ಆ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆವು. ಮಧ್ಯಾಹ್ನದ ಜನ ಕರಗಿದ್ದರು. ನಾನು ಒಂದು ಪ್ರಶ್ನೆ ಬರೆದು ಓಡಿಸಿದೆ, ಟೇಬಲ್ ಬಂತು. ಆದರೆ ಅರ್ಧಕ್ಕರ್ಧ ಮನೆಗಳಲ್ಲಿ ಅಂಕಿಯ ಬದಲು ಇಂಗ್ಲಿಷಿನ ಮೂರಕ್ಷರ: ಎನ್, ಎ, ಎನ್. ಮಾಹಿತಿ ಇಲ್ಲದ ಕಡೆ ಪೈಥಾನ್ ಹಾಗೆ ತುಂಬಿಸುತ್ತದೆ.

ಅವನ ಅಪ್ಪ ಕಾಫಿ ಹಿಡಿದುಕೊಂಡು ಬಂದವರು ಕನ್ನಡಕ ಇಳಿಸಿ ಪರದೆ ನೋಡಿದರು. "ಇದೆಂಥದು ಮಾರಾಯ? ಎಲ್ಲ ಟೇಬಲಿಗೂ ನಾನ್ ಆರ್ಡರಾ?"

"ಅದು ತಿನ್ನುವ ನಾನ್ ಅಲ್ಲಪ್ಪ. ಏನೂ ಇಲ್ಲ ಅಂತ ಅರ್ಥ."

"ಹಾಂ, ನಮ್ಮಲ್ಲಿಯೂ ಹಾಗೆಯೇ. ಇಲ್ಲ ಅಂತ ಬೋರ್ಡಿನಲ್ಲಿ ಬರೆದರೂ ಅದನ್ನೇ ಕೇಳುವುದು ಜನ."

ಅವರು ಕುರ್ಚಿ ಎಳೆದುಕೊಂಡು ಕೂತರು. ಒಂದು ಸಾಲಿನ ಮೇಲೆ ಬೆರಳಿಟ್ಟರು. "ಈ ನಾಲ್ಕು ಗಂಟೆ ಅಂದರೆ?"

"ಆ ರನ್ ಮುಗಿಯಲಿಕ್ಕೆ ಹಿಡಿದ ಹೊತ್ತು."

"ಒಂದು ಆರ್ಡರಿಗೆ ನಾಲ್ಕು ಗಂಟೆಯಾ? ಗಿರಾಕಿ ಎದ್ದು ಹೋಗುವುದಿಲ್ಲವಾ?"

"ಗಿರಾಕಿ ಇನ್ನೂ ಸಿಕ್ಕಿಲ್ಲ, ಸಿಗುವುದಿದ್ದರೆ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ. ಅಲ್ಲಿಂದ ಎದ್ದು ಹೋದರೂ ನಮಗೆ ಗೊತ್ತಾಗುವುದಿಲ್ಲ."

ಹೀಗೆ ಅಪ್ಪ ಕೇಳುತ್ತಾ ಹೋದರು, ಮಗ ಹೇಳುತ್ತಾ ಹೋದ. ಮೊದಲು ನನಗೋಸ್ಕರ ಕನ್ನಡದಲ್ಲಿದ್ದ ಮಾತು ಯಾವಾಗ ತುಳುವಿಗೆ ತಿರುಗಿತೋ ಇಬ್ಬರಿಗೂ ತಿಳಿಯಲಿಲ್ಲ. ನನಗೆ ತುಳು ಬಾರದು. ಆದರೆ ಯಾವುದು ಮೊದಲು ಮುಗಿಯಿತು, ಯಾವುದು ಬಾಕಿ, ಯಾವುದು ಕೆಟ್ಟುಹೋಯಿತು ಎಂದು ಕೇಳುತ್ತಿದ್ದಾರೆ ಎನ್ನುವುದು ಬೆರಳಿನ ಓಡಾಟದಲ್ಲೇ ಗೊತ್ತಾಗುತ್ತಿತ್ತು. ನನ್ನ ಕಾಫಿ ಮುಗಿದು ಲೋಟ ತಣ್ಣಗಾಯಿತು. ನಾನು ಎದ್ದು ಹೋಗಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಕೊನೆಗೆ ಅಪ್ಪ ಎದ್ದು ನಿಂತು ನನ್ನ ಕಡೆ ತಿರುಗಿದರು. ಕಣ್ಣು ಸ್ವಲ್ಪ ಒದ್ದೆಯಾಗಿತ್ತು, ಮುಖದಲ್ಲಿ ಗೆದ್ದ ನಗು. "ನೋಡಿ ಮೇಡಂ, ಹೋಟೆಲ್ ಬೇಡ ಬೇಡ ಅಂತ ಇವ ಅಷ್ಟು ದೂರ ಹೋದದ್ದು. ಕಡೆಗೆ ಅಲ್ಲಿಯೂ ಟೇಬಲ್ ನೋಡಿಕೊಳ್ಳುವುದೇ ಕೆಲಸ."

ನನ್ನ ತಾಯಿ

ಮಗಳು ಐದನೇ ಕ್ಲಾಸು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಶಾಲೆಯಲ್ಲಿ ಮರಾಠಿ ಟೀಚರು 'ನನ್ನ ತಾಯಿ' ಎಂದು ಪ್ರಬಂಧ ಬರೆಯಿಸಿದರು. ಪೋಷಕರ ಸಭೆಗೆ ಹೋದಾಗ ಟೀಚರು ನಗು ತಡೆದುಕೊಂಡು ಅದನ್ನು ಓದಿ ಹೇಳಿದರು.

"ನನ್ನ ತಾಯಿ ದಿನವಿಡೀ ಕಂಪ್ಯೂಟರಿಗೆ ಪ್ರಶ್ನೆ ಕೇಳುತ್ತಾಳೆ. ಪ್ರಶ್ನೆ ತಪ್ಪಾಗಿದ್ದರೆ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಬಯ್ಯುತ್ತದೆ. ಆಗ ಅವಳು ಸಿಟ್ಟು ಮಾಡುವುದಿಲ್ಲ, ಅದನ್ನೇ ಬೇರೆ ಥರ ಕೇಳುತ್ತಾಳೆ. ಮನೆಯಲ್ಲಿ ನಮ್ಮನ್ನು ಮಾತ್ರ ಒಂದೇ ಥರ ಕೇಳುತ್ತಾಳೆ."

ಡೊಂಬಿವಲಿ ಫೇಲ್

ಪ್ರತಿ ರನ್ನಿಗೂ ಒಂದು ಹೆಸರಿಡಬೇಕು, ಇಲ್ಲದಿದ್ದರೆ ಆಮೇಲೆ ಹುಡುಕುವುದು ಕಷ್ಟ. ಎಷ್ಟು ಅಂತ ಹೆಸರು ಹುಡುಕುವುದು? ನನ್ನ ಪಕ್ಕದ ಸೀಟಿನವನು ರೈಲ್ವೆ ಸ್ಟೇಷನ್ನುಗಳ ಹೆಸರಿಡಲು ಶುರು ಮಾಡಿದ. ಕಲ್ಯಾಣ್, ಠಾಕುರ್ಲಿ, ಡೊಂಬಿವಲಿ, ದಿವಾ, ಠಾಣೆ. ಮರೆಯುವುದಿಲ್ಲ, ಸಾಲಾಗಿಯೂ ಇರುತ್ತದೆ. ನನಗೂ ಅದು ಜಾಣತನ ಅನ್ನಿಸಿತ್ತು.

ಒಂದು ಸಂಜೆ ನಾನು ಘಣಸೋಲಿಯಿಂದ ಠಾಣೆ ಕಡೆಯ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿದ್ದೆ. ಅಲ್ಲಿನ ಮುಕ್ಕಾಲು ಹೆಂಗಸರು ನನ್ನ ಹಾಗೆಯೇ ಠಾಣೆಯಲ್ಲಿ ಇಳಿದು, ಗಾಡಿ ಬದಲಿಸಿ, ಡೊಂಬಿವಲಿ ಕಲ್ಯಾಣ್ ಕಡೆಗೆ ಹೋಗುವವರು. ಐರೋಲಿ ದಾಟುವಾಗ ಪಕ್ಕದ ಸೀಟಿನವನ ಫೋನ್ ಬಂತು. ಆಫೀಸಿನಲ್ಲಿ ರನ್ನುಗಳು ಕೈಕೊಡುತ್ತಿದ್ದವು. ಗದ್ದಲಕ್ಕೆ ನಾನು ಗಟ್ಟಿಯಾಗಿ ಮಾತಾಡಬೇಕಾಯಿತು.

"ಏನು, ಡೊಂಬಿವಲಿ ಫೇಲಾ? ಹೋಗಲಿ ಬಿಡು. ಕಲ್ಯಾಣ್ ಬಂದ್ ಮಾಡಿಬಿಡು. ಠಾಣೆ ಮಾತ್ರ ರನ್ನಿಂಗ್ ಇರಲಿ."

ನಾನು ಆಡಿದ್ದು ಕನ್ನಡ. ಆದರೆ ಡೊಂಬಿವಲಿ, ಫೇಲ್, ಕಲ್ಯಾಣ್, ಬಂದ್ ಎಂಬ ಮಾತುಗಳು ಆ ಡಬ್ಬಿಯಲ್ಲಿ ಯಾರಿಗೆ ತಾನೇ ಅರ್ಥವಾಗುವುದಿಲ್ಲ? ಎದುರಿನ ಒಬ್ಬರು ನನ್ನ ತೋಳು ಮುಟ್ಟಿ ಮರಾಠಿಯಲ್ಲಿ, "ಠಾಣ್ಯಾಚ್ಯಾ ಪುಢೆ ಬಂದ್ ಆಹೆ ಕಾ?" ಎಂದರು, ಠಾಣೆಯಿಂದ ಮುಂದೆ ಗಾಡಿ ಬಂದ್ ಆಗಿದೆಯಾ ಎಂದು. ಅದೇ ಹೊತ್ತಿಗೆ ಫೋನಿನಲ್ಲಿ ಅವನು, "ಪೂರ್ತಿ ಬಂದ್ ಮಾಡುವುದಾ?" ಎಂದು ಕೇಳಿದ. ಫೋನಿನ ಮಾತಷ್ಟೇ ಕಿವಿಗೆ ಬಿದ್ದಿದ್ದ ನಾನು ಅವನಿಗೆ, "ಹಾಂ ಹಾಂ, ಪೂರಾ ಬಂದ್" ಎಂದೆ.

ಅಲ್ಲಿಗೆ ಮುಗಿಯಿತು. ಡಬ್ಬಿಯ ತುಂಬ ಫೋನುಗಳು ಹೊರಬಂದವು. ಒಬ್ಬರು ಗಂಡನಿಗೆ ಕುಕ್ಕರ್ ಇಡಲು ಹೇಳುತ್ತಿದ್ದರು, ಅಕ್ಕಿ ಎಲ್ಲಿದೆ ಎನ್ನುವುದರಿಂದ ಹಿಡಿದು. ಇನ್ನೊಬ್ಬರು ಪಕ್ಕದ ಮನೆಯವರಿಗೆ, ಮಗು ಟ್ಯೂಶನ್ನಿಂದ ಬಂದರೆ ಕೂರಿಸಿಕೊಳ್ಳಿ ಎನ್ನುತ್ತಿದ್ದರು. ನಾನು ಫೋನಿಟ್ಟು, ಇದೇನಾಯಿತಪ್ಪಾ ಎಂದು ಗಾಬರಿಯಾದೆ. ನಿಜಕ್ಕೂ ಗಾಡಿ ನಿಂತಿದೆ ಅಂದುಕೊಂಡು ನಾನೂ ಗಂಡನಿಗೆ ಫೋನ್ ಮಾಡಿ, "ಲೋಕಲ್ ಬಂದ್ ಆಗಿದೆಯಂತೆ" ಎಂದೆ.

ನನ್ನ ತೋಳು ಮುಟ್ಟಿದವರು ಠಾಣೆಯ ಘೋಡಬಂದರ್ ರಸ್ತೆಯವರು, ಶಾಲಾ ಟೀಚರು. ನಾನು ಡೊಂಬಿವಲಿ ಎಂದೊಡನೆ, "ನಮ್ಮ ಮನೆಗೆ ಬನ್ನಿ. ನಾನು, ನಮ್ಮತ್ತೆ ಇಬ್ಬರೇ ಇರೋದು. ತೊಡಲು ಒಗೆದ ಗೌನ್ ಇದೆ" ಎಂದರು. ಪರಿಚಯವೇ ಇಲ್ಲದವರು. ಅವರನ್ನು ನೋಡಿ ಠಾಣೆಯ ಉಳಿದ ಹೆಂಗಸರೂ ಎದ್ದರು. ನೀವಿಬ್ಬರು ನನ್ನ ಜೊತೆ, ನೀವು ಅವರ ಜೊತೆ, ಬಸುರಿ ಇದ್ದವರನ್ನು ಲಿಫ್ಟ್ ಇರುವ ಮನೆಗೆ, ಹೀಗೆ ಗಾಡಿ ಠಾಣೆ ಮುಟ್ಟುವುದರೊಳಗೆ ಕಲ್ಯಾಣ್ ಡೊಂಬಿವಲಿಯವರಿಗೆಲ್ಲ ಠಾಣೆಯಲ್ಲಿ ಮನೆ ಹಂಚಿಕೆಯಾಗಿತ್ತು.

ಇಳಿದರೆ ಕಲ್ಯಾಣ್ ಲೋಕಲ್ ಬರುತ್ತಿದೆ ಎಂದು ಧ್ವನಿವರ್ಧಕ ದಿನದಂತೆಯೇ ಕೂಗುತ್ತಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಸುದ್ದಿ ಹೊರಟದ್ದು ಎಲ್ಲಿಂದ ಎಂದು ನನಗೆ ಹೊಳೆದದ್ದು ಆಗಲೇ. ನಾನು ತೊದಲುತ್ತಾ, ಅದು ಸ್ಟೇಷನ್ ಅಲ್ಲ, ಕಂಪ್ಯೂಟರಿನ ಕೆಲಸಕ್ಕೆ ಇಟ್ಟ ಹೆಸರು ಎಂದು ವಿವರಿಸಿದೆ. ಒಂದಿಬ್ಬರು ಗೊಣಗಿದರು. ಹೆಚ್ಚಿನವರು ನಕ್ಕು, ಗಾಡಿ ಹಿಡಿಯಲು ಓಡಿದರು. ಗಂಡನಿಗೆ ಕುಕ್ಕರ್ ಇಡಲು ಹೇಳಿದ್ದವರು ಮಾತ್ರ ನನ್ನ ಕೈ ಕುಲುಕಿ, "ಯಾರಿಗೂ ಈಗಲೇ ನಿಜ ಹೇಳಬೇಡಿ, ಅಡುಗೆ ಆಗಿಬಿಡಲಿ" ಎಂದರು.

ಟೀಚರು ಹೊರಡದೆ ನಿಂತಿದ್ದರು. "ಮನೆಗೆ ಫೋನ್ ಮಾಡಿಬಿಟ್ಟಿದ್ದೆ, ನಿಮಗೆಂದು ಅತ್ತೆ ಸಬ್ಬಕ್ಕಿ ನೆನೆಹಾಕಿ ಆಗಿದೆ. ಈಗ ಅವರಿಗೆ ಏನು ಹೇಳಲಿ?"

"ತಪ್ಪಾಯಿತು. ಇನ್ನೊಮ್ಮೆ ಖಂಡಿತ ಬರುತ್ತೇನೆ" ಎಂದೆ.

"ಬನ್ನಿ. ಆದರೆ ಡೊಂಬಿವಲಿ ಫೇಲ್ ಆಗುವವರೆಗೆ ಕಾಯಬೇಡಿ."

ಸೇಠ್‌ಜಿ ನೋಡಿದ ಟೇಬಲ್

ಸರಳು ಎಣಿಸುವ ನಮ್ಮ ಕೆಲಸಕ್ಕೆ ಒಬ್ಬರಾದರೂ ದೊಡ್ಡ ಗಿರಾಕಿ ಸಿಗಬೇಕಿತ್ತು. ಸಿಗದಿದ್ದರೆ ಈ ವಿಭಾಗವನ್ನೇ ಮುಚ್ಚಬೇಕಾಗುತ್ತದೆ ಎಂದು ನಮ್ಮ ಬಾಸ್ ಒಂದು ದಿನ ಹೇಳಿದರು. ಒಳ್ಳೆಯ ಮನುಷ್ಯ, ಕಲ್ಯಾಣ್ ಕಡೆಯ ಮರಾಠಿಯವರು. ಹೇಳುವಾಗ ನಮ್ಮ ಮುಖ ನೋಡಲಾಗದೆ ಕಿಟಕಿ ಕಡೆ ನೋಡುತ್ತಿದ್ದರು.

ಕಡೆಗೆ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಒಬ್ಬ ಹಿರಿಯ ವ್ಯಾಪಾರಿ ಒಮ್ಮೆ ತೋರಿಸಿ ನೋಡೋಣ ಎಂದರು. ಗುಜರಾತಿ ಸೇಠ್‌ಜಿ, ಬಿಳಿ ಅಂಗಿ, ಹಣೆಯಲ್ಲಿ ಸಣ್ಣ ತಿಲಕ. ಬಾಸ್, ನಾನು, ನನ್ನ ಪಕ್ಕದ ಸೀಟಿನವನು, ಮೂವರೂ ಹೋದೆವು. ಅಂಗಡಿಯ ಟೀವಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸಿ, ನಾವು ಮಾಡಿದ ಅಷ್ಟೂ ರನ್ನುಗಳ ಟೇಬಲ್ ತೆರೆದೆ. ಅಷ್ಟರಲ್ಲಿ ಹೊರಗೆ ಲಾರಿಗೆ ನಮ್ಮ ಕಾರು ಅಡ್ಡವಾಗಿದೆ ಎಂದು ಯಾರೋ ಕೂಗಿದರು, ಬಾಸ್ ಅದನ್ನು ತೆಗೆಯಲು ಓಡಿದರು.

ಇಲ್ಲಿ ಒಂದು ಮಾತು ಹೇಳಬೇಕು. ಕಂಪ್ಯೂಟರ್ ಕೊಟ್ಟ ಉತ್ತರ ನಿಜದಿಂದ ಎಷ್ಟು ದೂರವಿದೆ ಎನ್ನುವ ಅಳತೆಗೆ ನಮ್ಮ ಕಸುಬಿನಲ್ಲಿ 'ಲಾಸ್' ಎನ್ನುತ್ತಾರೆ. ಅದು ಕಡಿಮೆಯಾದಷ್ಟೂ ಒಳ್ಳೆಯದು. ದುಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಟೇಬಲಿನಲ್ಲಿ ಆ ಕಾಲಂ ಎಲ್ಲಕ್ಕಿಂತ ಮುಂದೆ ಇತ್ತು, ಅಕ್ಷರವೂ ದಪ್ಪ.

ಸೇಠ್‌ಜಿ ಓದಿದರು. "ಲಾಸ್?"

"ಹಾಂ ಜೀ," ಎಂದೆ ಉತ್ಸಾಹದಿಂದ.

"ಇದು ಪೂರಾ ಲಾಸಾ? ಇಷ್ಟೂ?"

"ಹಾಂ ಜೀ. ಮೊದಮೊದಲು ತುಂಬಾ ಇತ್ತು. ಈಗ ಎಷ್ಟೋ ಕಡಿಮೆಯಾಗಿದೆ. ಆದರೆ ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಇದ್ದೇ ಇರುತ್ತದೆ."

ಅವರು ಎದ್ದು ಹೋಗಿ ಅಂಗಡಿಯ ಗಾಜಿನ ಬಾಗಿಲು ಮುಚ್ಚಿ ಬಂದರು. ಚಹಾಕ್ಕೆ ಹೇಳಿದರು, ಢೋಕಳಾಕ್ಕೂ ಹೇಳಿದರು. ನನ್ನ ಸಹೋದ್ಯೋಗಿಯ ಪಕ್ಕ ಕೂತು ಮೆಲ್ಲಗೆ ಕೇಳಿದರು: "ಮನೆಯಲ್ಲಿ ಗೊತ್ತಾ?"

ಅವನು ಪ್ರಾಮಾಣಿಕವಾಗಿ, "ಅಪ್ಪನಿಗೆ ಎಲ್ಲ ತೋರಿಸಿದ್ದೇನೆ" ಎಂದ.

"ಒಳ್ಳೆಯದು ಮಾಡಿದೆ ಬೇಟಾ. ಮನೆಯವರಿಂದ ಮುಚ್ಚಿಡಬಾರದು." ಆಮೇಲೆ ತಮ್ಮ ಕಥೆ ಹೇಳಿದರು. ಹಿಂದೆ, ಇದೇ ಮಾರುಕಟ್ಟೆಯಲ್ಲಿ ಅವರ ಮೊದಲ ಅಂಗಡಿ ಮುಳುಗಿತ್ತಂತೆ. ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಆಗ ಅವರ ಹೆಂಡತಿ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಜೊತೆಗೇ ಬಂದು, ಸಂಜೆಯವರೆಗೆ ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದರಂತೆ. "ಯಾಕೆ ಬರುತ್ತೀ ಅಂತ ಕೇಳಿದೆ. ಅಂಗಡಿ ಖಾಲಿ ಕಾಣಬಾರದಲ್ಲ ಅಂದಳು. ನಾವಿಬ್ಬರೇ ಮಾತಾಡಿಕೊಂಡು ಕೂತಿರುತ್ತಿದ್ದೆವು, ಗಿರಾಕಿ ಮತ್ತು ಮಾಲೀಕರ ಹಾಗೆ. ಅವಳು ಎಂಥಾ ಚೌಕಾಶಿ ಮಾಡುತ್ತಿದ್ದಳು ಗೊತ್ತಾ."

ಅವರು ನಕ್ಕರು. ನನ್ನ ಸಹೋದ್ಯೋಗಿ ಮೂಗು ಒರೆಸಿಕೊಳ್ಳುತ್ತಿದ್ದ. ಆದರೂ ನಿಜ ಹೇಳಬೇಕಲ್ಲ. "ಸೇಠ್‌ಜಿ, ಇದು ದುಡ್ಡಿನ ಲಾಸ್ ಅಲ್ಲ. ಮಷಿನ್ ಮಾಡಿದ ತಪ್ಪಿನ ಅಳತೆ" ಎಂದೆ.

"ಲಾಸ್ ಅಂದರೆ ತಪ್ಪೇ ಅಲ್ಲವಾ ಬೇಟಿ? ನಂದೂ ತಪ್ಪಿನಿಂದಲೇ ಆಗಿದ್ದು."

ಅಷ್ಟರಲ್ಲಿ ಬಾಸ್ ಬೆವರು ಒರೆಸುತ್ತಾ ಒಳಗೆ ಬಂದರು. ನೋಡಿದರೆ ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೇನೆ, ಇವನು ಢೋಕಳಾ ಹಿಡಿದು ಮೂಗೆಳೆಯುತ್ತಿದ್ದಾನೆ, ಸೇಠ್‌ಜಿ ಅವನ ಬೆನ್ನು ಸವರುತ್ತಿದ್ದಾರೆ. ಕೆಲಸ ಕೈತಪ್ಪಿತು ಎಂದು ಅವರು ಬಾಗಿಲಲ್ಲೇ ನಿಂತುಬಿಟ್ಟರು.

"ಈ ಮಕ್ಕಳಿಗೆ ಬಯ್ಯಬೇಡಿ," ಎಂದರು ಸೇಠ್‌ಜಿ. "ನನ್ನ ಅಂಗಡಿಗೆ ಬಂದವರೆಲ್ಲ ಇಲ್ಲಿಯವರೆಗೆ ಲಾಭ ತೋರಿಸಿದ್ದಾರೆ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಎಷ್ಟು ಹೊತ್ತು ಮಾಡಿದ್ದು ಅಂತ ಎಲ್ಲ ಬರೆದು ತಮ್ಮ ಲಾಸನ್ನು ತಾವೇ ಟೀವಿಯಲ್ಲಿ ಹಾಕಿ ತೋರಿಸಿದವರು ಇವರೇ ಮೊದಲು. ಕೆಲಸ ಇವರಿಗೇ."

ಆಮೇಲೆ ಒಂದು ಕಟ್ಟಿನ ಫೋಟೊ ತೆಗೆದು ಕೊಟ್ಟೆವು, ಕಂಪ್ಯೂಟರ್ ಸರಿಯಾಗಿ ಎಣಿಸಿತು. ಅದನ್ನು ಅವರು ಅಷ್ಟೇನೂ ಗಮನಿಸಲಿಲ್ಲ. ಒಂದೇ ಒಂದು ಶರತ್ತು ಹಾಕಿದರು. ಬೆಳಗಾಗೆದ್ದು ಅಂಗಡಿಯಲ್ಲಿ ಲಾಸ್ ಎನ್ನುವ ಅಕ್ಷರ ಕಾಣಬಾರದು, ಅಲ್ಲಿ 'ಲಾಭ್' ಎಂದು ಬರೆಯಬೇಕು. ಬಾಸ್ ನನ್ನ ಕಡೆ ನೋಡಿದರು. ಕಾಲಂ ಹೆಸರು ಬದಲಿಸುವುದು ಪೈಥಾನಿನಲ್ಲಿ ಒಂದು ಸಾಲಿನ ಕೆಲಸ. ಅಲ್ಲೇ ಕೂತು ಬದಲಿಸಿದೆ.

ಹೆಸರು ಬದಲಾಯಿತು, ಅಂಕಿ ಅದೇ. ಅದು ಇಳಿಯಬೇಕು ಎನ್ನುವುದೂ ಬದಲಾಗಲಿಲ್ಲ. ಹಾಗಾಗಿ ಈಗ ಪ್ರತಿ ಸೋಮವಾರ ಮೀಟಿಂಗಿನಲ್ಲಿ ನಾನು ಎದ್ದು ನಿಂತು, "ಹೋದ ವಾರಕ್ಕಿಂತ ಈ ವಾರ ನಮ್ಮ ಲಾಭ ಇನ್ನೂ ಇಳಿದಿದೆ" ಎನ್ನುತ್ತೇನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. "ಹೀಗೇ ದುಡಿದರೆ ಸದ್ಯದಲ್ಲೇ ಸೊನ್ನೆಗೆ ತರಬಹುದು" ಎಂದು ಬಾಸ್ ಬೆನ್ನು ತಟ್ಟುತ್ತಾರೆ. ಮೊನ್ನೆ ಹೊಸದಾಗಿ ಸೇರಲಿರುವ ಅಕೌಂಟೆಂಟ್ ಮೊದಲ ಸಲ ಮೀಟಿಂಗಿಗೆ ಬಂದು ಮೂಲೆಯಲ್ಲಿ ಕೂತಿದ್ದರು. ಎಲ್ಲರೂ ತಟ್ಟಿದರೆಂದು ಅವರೂ ತಟ್ಟಿದರು. ಮೀಟಿಂಗ್ ಮುಗಿದ ಮೇಲೆ ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದರು:

"ಮೇಡಂ, ನಾನು ಹಳೆಯ ಕೆಲಸಕ್ಕೆ ಇನ್ನೂ ರಾಜೀನಾಮೆ ಕೊಟ್ಟಿಲ್ಲ. ಕೊಡಲೋ, ಬೇಡವೋ?"